ಕರಿ ಕಲ್ಲಿನ ಮೇಲಿನ ಚೀಸು

ತಿನ್ನುವುದಕ್ಕೆ ಹೂವು ಬೇಕಾದವರು ಹೂವಿನ ಮಾರುಕಟ್ಟೆಗೆ ಹೋಗಬಾರದು. ಮಾರುಕಟ್ಟೆಯ ಹೂವು ದೇವರಿಗೆ, ಮದುವೆಗೆ, ಹೆಣಕ್ಕೆ ಎಂದು ಬೆಳೆದದ್ದು, ಬಾಯಿಗೆಂದು ಬೆಳೆದದ್ದಲ್ಲ. ಹುಳ ಹತ್ತದಿರಲೆಂದು ಅದಕ್ಕೆ ಏನೇನು ಹೊಡೆದಿರುತ್ತಾರೋ ಮಾರುವವನಿಗೂ ತಿಳಿದಿರುವುದಿಲ್ಲ. ಮನೆಯಂಗಳದ ಹೂವನ್ನೇ ತರಬೇಕು. ಆದರೆ ಅಂಗಳದ ಹೂವಿಗೆ ಬೆಲೆ ಅಂತ ಒಂದು ಇರುವುದಿಲ್ಲವಾದ್ದರಿಂದ ಅದರ ಚೌಕಾಶಿ ಮಾರುಕಟ್ಟೆಯ ಚೌಕಾಶಿಗಿಂತ ಕಷ್ಟದ್ದು.

ಇದನ್ನು ನಾನು ಕಲಿತದ್ದು ಸನತ್‌ನಗರದಲ್ಲಿ. ಹೈದರಾಬಾದಿನ ಕಂಪ್ಯೂಟರ್ ಕಂಪನಿಗಳು ಊರ ನಡುವಿನ ಬಾಡಿಗೆ ಮಹಡಿಗಳನ್ನು ಬಿಟ್ಟು ಮಾದಾಪುರದ ಬಂಡೆಗಳ ಮಧ್ಯೆ ಗಾಜಿನ ಕಟ್ಟಡ ಕಟ್ಟಿಕೊಂಡು ಹೋಗುತ್ತಿದ್ದ ಕಾಲ ಅದು. ನನ್ನದು ಅಡುಗೆಯ ಕೆಲಸ. ಬಾಲಾನಗರದ ಒಂದು ಕಾರ್ಖಾನೆಯ ಗೇಟಿನೆದುರು ಬುಟ್ಟಿಯಲ್ಲಿ ಜೋಳದ ರೊಟ್ಟಿ ಇಟ್ಟುಕೊಂಡು ಕೂತವಳು, ಆ ಹೊತ್ತಿಗೆ ಅಮೀರ್‌ಪೇಟೆಯ ಒಂದು ಕಂಪನಿಗೆ ಮಧ್ಯಾಹ್ನದ ಊಟ ಕಳಿಸುವಷ್ಟಕ್ಕೆ ಬಂದಿದ್ದೆ. ಯಾರೂ ಕೈಹಿಡಿದು ಎತ್ತಿದ್ದಲ್ಲ. ಎತ್ತುತ್ತೇನೆಂದು ಬಂದವರು ಕಮಿಷನ್ ಕೇಳಿದರು.

ನನ್ನ ಜೊತೆಗಿದ್ದವರು ವೈನಿ, ಅಂದರೆ ತೀರಿಹೋದ ನಮ್ಮ ಅಣ್ಣನ ಹೆಂಡತಿ. ಒಲೆ ಅವರದು, ಬಾಯಿ ನನ್ನದು. ಅಣ್ಣ ಹೋದ ಮೇಲೆ ಸೇಡಂ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದವರು, ಬಂದ ಮರುದಿನವೇ ರೊಟ್ಟಿ ಬಡಿಯಲು ಕೂತಿದ್ದರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಮಾತಿನಲ್ಲಿ ಚಿಕ್ಕವರು. ಕೊರಳಲ್ಲಿ ಲಿಂಗ, ಬೆಳಗಿನ ಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ.

ಆ ಕಂಪನಿಯೂ ಮಾದಾಪುರಕ್ಕೆ ಹೊರಟಿತು. ಹೊಸ ಕಟ್ಟಡದಲ್ಲಿ ಊಟಕ್ಕೆ ಒಬ್ಬರೇ ಗುತ್ತಿಗೆದಾರರು ಎಂದು ಹೇಳಿಬಿಟ್ಟರು. ನಾವಿದ್ದೆವು, ಇನ್ನೊಂದು ಕಡೆ ಉದ್ದ ಬಿಳಿ ಟೋಪಿ ಹಾಕಿದ ಬಾಣಸಿಗನನ್ನು ಇಟ್ಟುಕೊಂಡ ದೊಡ್ಡ ಕೇಟರಿಂಗಿನವರಿದ್ದರು. ಗೃಹಪ್ರವೇಶದ ದಿನ ಸಂಜೆ ಇಬ್ಬರೂ ಒಂದೊಂದು ತಿನಿಸು ಇಡಬೇಕು, ಯಾರದು ಅತಿಥಿಗಳಿಗೆ ಹಿಡಿಸುತ್ತದೋ ಅವರಿಗೆ ಊಟದ ಕೆಲಸ. ಅದು ತಪ್ಪಿದರೆ ನಮ್ಮ ಒಲೆಗೆ ಬೇರೆ ಗಿರಾಕಿ ಇರಲಿಲ್ಲ. ಹುಡುಕಿಕೊಂಡು ಅಲೆಯುವಷ್ಟು ಕಸುವೂ ನನ್ನ ಕಾಲಿಗೆ ಉಳಿದಿರಲಿಲ್ಲ.

"ಈ ಸಲ ತಪ್ಪಿತಂದ್ರ ಮುಚ್ಚಿಬಿಡೋಣ್ರಿ ವೈನಿ," ಎಂದೆ. "ನನಗ ಸಾಕಾಗೇತಿ. ನೀವೂ ಹುಮನಾಬಾದಿಗೆ ಮಗಳ ಮನಿಗಿ ಹೋಗಿ ಆರಾಮ ಇರ್ರಿ."

ವೈನಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಅಳಿಯಾ ಚಲೋನ ಅದಾನ ತಂಗೀ. ಹೊತ್ತಿಗಿ ಸರಿಯಾಗಿ ತಾಟ ಹಾಕ್ತಾರ, ಇಲ್ಲನ್ನಂಗಿಲ್ಲ. ಆದ್ರ ತಾಟ ಬರೂತನಕ ಕುಂತು ಕಾಯಬೇಕಲ್ಲ."

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತದ ಮಾತಿಗೇ ಭಾರ ಹೆಚ್ಚು.

ಕಂಪನಿಯಲ್ಲಿ ಊಟ ತಿಂಡಿ, ಕುರ್ಚಿ ಮೇಜಿನ ಉಸ್ತುವಾರಿಗೆ ಮೈಸೂರಿನ ಒಬ್ಬ ಹುಡುಗಿ ಇದ್ದಳು. ನಮ್ಮ ಪರವಾಗಿ ನಾಲ್ಕು ಮಾತು ಆಡುತ್ತಿದ್ದವಳು ಅವಳೊಬ್ಬಳೇ. ಅವಳು ಒಂದು ಬಣ್ಣದ ಚಿತ್ರ ಮುದ್ರಿಸಿಕೊಂಡು ನಮ್ಮ ಮನೆಗೇ ಬಂದಳು.

"ಆಂಟಿ, ಇದನ್ನ ಮಾಡಕ್ಕಾಗುತ್ತಾ ನೋಡಿ. ನಮ್ಮ ಬಾಸ್ ಅಮೆರಿಕಾದಲ್ಲಿ ಯಾವ್ದೋ ಪಾರ್ಟೀಲಿ ತಿಂದಿದ್ರಂತೆ. ಊಟಕ್ಕೆ ಮುಂಚೆ ಬಿಸ್ಕತ್ತಿಗೆ ಹಚ್ಕೊಂಡು ತಿನ್ನೋದು."

"ಇದು ರಂಗೋಲಿ ಅಲ್ಲೇನವಾ?"

"ಅಯ್ಯೋ ಅಲ್ಲ ಆಂಟಿ, ಚೀಸು. ಮೇಲಿರೋದು ನಿಜವಾದ ಹೂವು, ಸೊಪ್ಪು. ಎಲ್ಲಾನೂ ತಿನ್ನಬಹುದು."

"ಆಗತೈತಿ," ಎಂದೆ. ವ್ಯಾಪಾರದಲ್ಲಿ ಮೊದಲು ಆಗುತ್ತದೆ ಅನ್ನಬೇಕು, ಅದು ಏನು ಅಂತ ಆಮೇಲೆ ಕೇಳಬೇಕು. ಚಿತ್ರವನ್ನು ನೇರ ಮೇಲಿನಿಂದ ತೆಗೆದಿದ್ದರು. ಕಪ್ಪು ಕಲ್ಲಿನ ಮೇಲೆ ಒಂದು ಬಿಳಿ ಗುಂಡು, ಅದರ ಮೇಲೆ ಹೂವು, ಎಲೆ. ಆ ಗುಂಡು ರೊಟ್ಟಿಯಂತೆ ಚಪ್ಪಟೆಯೋ ಬುಟ್ಟಿ ಮಗುಚಿದಂತೆ ಎತ್ತರವೋ ಅದರಲ್ಲಿ ಕಾಣುತ್ತಿರಲಿಲ್ಲ. ನಾವು ಕೇಳಲೂ ಇಲ್ಲ. ಅವಳಿಗೂ ಗೊತ್ತಿರಲಿಲ್ಲವೆಂದು ಈಗ ಅನಿಸುತ್ತದೆ.

ಚೀಸಿಗಾಗಿ ಅಬಿಡ್ಸ್‌ವರೆಗೆ ಬಸ್ಸಿನಲ್ಲಿ ಹೋದೆ. ಅಂಗಡಿಯವನು ಹೇಳಿದ ಬೆಲೆ ಕೇಳಿ, ಇದರಲ್ಲಿ ಎಮ್ಮೆಯನ್ನೂ ಕಟ್ಟಿಕೊಡುತ್ತೀಯೇನಪ್ಪ ಎಂದೆ. ಕಟ್ಟಿಕೊಡಲಿಲ್ಲ. ಅದಕ್ಕೇ ಸ್ವಲ್ಪವೇ ತಂದೆ. ಉಳಿದದ್ದಕ್ಕೆ ನಮ್ಮ ಚಕ್ಕಾ ಇತ್ತು. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸುತ್ತೇವಲ್ಲ, ಅದೇ ಗಟ್ಟಿ ಮೊಸರು. ಮೊಸರು ಹುಳಿಯಾಗುವ ಮೊದಲೇ ಕಟ್ಟಬೇಕು. ತಂದ ಚೀಸನ್ನು ಸಣ್ಣಗೆ ತುರಿದು, ಮೊದಲು ಸ್ವಲ್ಪವೇ ಚಕ್ಕಾದ ಜೊತೆ ಅಂಗೈಯಿಂದ ತಿಕ್ಕಿ ಗಂಟು ಒಡೆದು, ಆಮೇಲೆ ಉಳಿದ ಚಕ್ಕಾ, ಉಪ್ಪು, ಒರಟಾಗಿ ಕುಟ್ಟಿದ ಕಾಳುಮೆಣಸು ಸೇರಿಸಬೇಕು. ಎಲ್ಲ ಒಟ್ಟಿಗೇ ಸುರಿದರೆ ತುರಿ ತುರಿಯಾಗಿಯೇ ಉಳಿಯುತ್ತದೆ. ವೈನಿ ಚೀಸಿನ ಪೊಟ್ಟಣದ ಮೇಲಿನ ಸಸ್ಯಾಹಾರದ ಹಸಿರು ಚುಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದ ಮೇಲೇ ಕೈಹಾಕಿದ್ದು. ಕಲಸಿದ್ದನ್ನು ಒದ್ದೆ ಬಟ್ಟೆ ಹಾಸಿದ ಗುಂಡು ತಳದ ಪಾತ್ರೆಗೆ ಒತ್ತಿ, ಮೇಲೆ ಭಾರ ಇಟ್ಟು, ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಇಟ್ಟೆವು.

ಹೂವಿಗೆ ನಮ್ಮ ಹಿಂದಿನ ಸಾಲಿನ ಕ್ವಾರ್ಟರ್ಸಿಗೆ ಹೋದೆ. ಅಲ್ಲಿ ಬೀದರ್ ಕಡೆಯ ನಿವೃತ್ತ ಫಿಟ್ಟರ್ ಒಬ್ಬರ ಕಾಂಪೌಂಡಿನ ತುಂಬ ನೀಲಿ ಶಂಖಪುಷ್ಪದ ಬಳ್ಳಿ ಹಬ್ಬಿತ್ತು. ಔಷಧಿ ಹೊಡೆಯುವ ಮನುಷ್ಯರಲ್ಲ ಅವರು. ಔಷಧಿಗೆ ದುಡ್ಡು ಬೇಕಲ್ಲ.

"ಕಾಕಾ, ನಾಳಿ ಒಂದಿಷ್ಟು ಹೂವು ಬೇಕಾಗಿತ್ತರಿ."

"ಪೂಜಿಗೇನು?"

"ಅಲ್ರಿ. ತಿನ್ನಾಕ."

ಮುದುಕರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಜ್ವಾಳ ತುಟ್ಟಿ ಆಗೇತಂತ ಕೇಳಿದ್ದೆ. ಇಷ್ಟು ತುಟ್ಟಿ ಆಗೇತೇನು?"

"ನನಗಲ್ರೀ, ಕಂಪ್ಯೂಟರ್ ಕಂಪನಿಯವರಿಗಿ."

"ಯಾಕ, ಅವರಿಗಿ ಪಗಾರ ಕೊಡಂಗಿಲ್ಲೇನು?"

"ಕೊಡ್ತಾರ್ರಿ. ಹೆಚ್ಚಾಗೇತಂತನ ಹೂವು ತಿನ್ನಾಕತ್ತಾರ."

ಕಾಕಾ ನಕ್ಕರು, ಆದರೆ ಒಪ್ಪಲಿಲ್ಲ. ಈಶ್ವರನ ಹೂವು, ಮಂದಿ ಹೊಟ್ಟೆಗೆ ಹಾಕುವುದಿಲ್ಲ ಎಂದರು. ಇಂಥಲ್ಲಿ ಎದುರಿನವರಿಗೆ ಏನು ಬೇಕೆಂದು ಕೇಳಬಾರದು. ಕೇಳಿದರೆ ಅವರು ಯೋಚಿಸತೊಡಗುತ್ತಾರೆ, ಯೋಚಿಸಿದರೆ ಬೆಲೆ ಏರುತ್ತದೆ. ನಾವೇ ಮೊದಲು ಹೇಳಿಬಿಡಬೇಕು.

"ಈಶ್ವರಂದು ನೀವು ಮೊದಲ ಹರಕೋರಿ. ಉಳದದ್ದು ನಂದು. ವಾರಪೂರ್ತಿ ರೊಟ್ಟಿ ನಿಮ್ಮ ಮನಿಗಿ ಬರತೈತಿ."

"ಖಡಕ್ಕೋ, ಮೆತ್ತಗೋ?"

"ನಿಮ್ಮ ಹಲ್ಲು ನೋಡಿ ಕಳಸ್ತೀನ್ರಿ."

"ಹಂಗಾದ್ರ ಮೆತ್ತಗನ ಕಳಸು," ಎಂದರು. ಒಪ್ಪಂದವಾಯಿತು.

ಗುಲಾಬಿ ಪಕ್ಕದ ಮನೆಯ ಕುಂಡದಿಂದ ಬಂತು. ಗುಲಾಬಿ ಪಕಳೆಯ ಬುಡದಲ್ಲಿ ಉಗುರಿನಷ್ಟು ಬಿಳಿ ಇರುತ್ತದೆ, ಅದು ಕಹಿ, ಕತ್ತರಿಸಿ ತೆಗೆಯಬೇಕು. ಶಂಖಪುಷ್ಪದ ತೊಟ್ಟು ಚಿವುಟಿ, ತೊಳೆದು, ಒಣ ಬಟ್ಟೆಯ ಮೇಲೆ ಚೆನ್ನಾಗಿ ಆರಿಸಬೇಕು. ಒಂದು ಹನಿ ನೀರಿದ್ದರೂ ನೀಲಿ ಇಳಿದು ಬಿಳಿ ಚೀಸು ಇಂಕು ಬಿದ್ದ ಅಂಗಿಯಂತಾಗುತ್ತದೆ. ಸೊಪ್ಪಿಗೆ ನಾವು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ರೊಟ್ಟಿಯ ಜೊತೆ ಹಸಿ ಸೊಪ್ಪು ತಿನ್ನುವ ಮಂದಿ ನಾವು. ಮೆಂತ್ಯ, ಸಬ್ಬಸಿಗೆ, ಪುದೀನಾ, ಎಲ್ಲದರ ಎಳೆ ತುದಿ ಮಾತ್ರ ಆರಿಸಿದೆವು. ಕಪ್ಪು ಕಲ್ಲು ಸನತ್‌ನಗರದಲ್ಲೇ ಗ್ರಾನೈಟ್ ಕೊಯ್ಯುವ ಶೆಡ್ಡಿನಲ್ಲಿ ಸಿಕ್ಕಿತು. ಗುಂಡಗೆ ಕೊಯ್ದ ತುಂಡು, ಒಂದು ಕಡೆ ಮಾತ್ರ ಸರಿಯಾಗಿ ಕೊಯ್ಯದೆ ಒಡೆದು, ಕೊಕ್ಕಿನಂತೆ ಮುಂದೆ ಚಾಚಿತ್ತು. ಒಡೆದ ಮಾಲು ಅಗ್ಗ. ಚಾಚಿದ್ದನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರಾಯಿತು ಎಂದುಕೊಂಡೆ.

ಗೃಹಪ್ರವೇಶದ ದಿನ ವೈನಿ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ಕಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಪಾತ್ರೆ ಮಗುಚಿ ಬಟ್ಟೆ ಎಳೆದದ್ದೇ ತಡ, ಬೆಳ್ಳಗೆ, ನುಣ್ಣಗೆ, ಎತ್ತರಕ್ಕೆ ನಿಂತಿತು. ನಾನು ಹೊರಗೆ ಆಟೋದವನ ಜೊತೆ ಜಗಳದಲ್ಲಿದ್ದೆ. ಒಳಗೆ ಬರುವಷ್ಟರಲ್ಲಿ ಅಲಂಕಾರ ಮುಗಿದಿತ್ತು. ಬುಡದ ಸುತ್ತ ಗುಲಾಬಿ ಪಕಳೆ, ಅದರ ಮೇಲೆ ಸಬ್ಬಸಿಗೆಯ ಎಳೆ, ನಡುವೆ ನೀಲಿ ಹೂವಿನ ಸಾಲು, ನೆತ್ತಿಯ ಮೇಲೆ ಮೂರೆಲೆಯ ಒಂದು ಮೆಂತ್ಯದ ಕುಡಿ. ಗುಂಡಗಿರುವುದರ ಮೇಲೆ ಹೂವಿಡಲು ಆ ಕೈಗಳಿಗೆ ಬರುತ್ತಿದ್ದದ್ದು ಅದೊಂದೇ ಕ್ರಮ. ಚಿಕ್ಕಂದಿನಿಂದ ದಿನವೂ ಇಟ್ಟದ್ದು ಹಾಗೆಯೇ. ನನಗೆ ಕಂಡದ್ದು ಚಂದ ಮಾತ್ರ. ನಿದ್ದೆಗೆಟ್ಟ ಕಣ್ಣಿಗೆ ಅದಕ್ಕಿಂತ ಹೆಚ್ಚು ಕಾಣುವುದಿಲ್ಲ.

ಮಾದಾಪುರದ ಆ ಹೊಸ ಕಟ್ಟಡದ ತುಂಬ ಬಣ್ಣದ ವಾಸನೆ, ಕರ್ಪೂರದ ವಾಸನೆ. ಬೆಳಿಗ್ಗೆ ಪೂಜೆ ಆಗಿತ್ತು. ಕಂಬಗಳಿಗೆ ಕುಂಕುಮ, ಮೂಲೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ನಮ್ಮ ಮೇಜು ಆ ದೀಪದ ಪಕ್ಕಕ್ಕೆ, ದೊಡ್ಡ ಹಾಲ್‌ನ ನಡುವೆ ಬಂದಿತ್ತು. ತಿರುಗಿಸಿ ಇಡಲು ಗೋಡೆಯೇ ಇರಲಿಲ್ಲ. ಸುತ್ತ ಖಡಕ್ ರೊಟ್ಟಿಯ ಚೂರುಗಳನ್ನು ಜೋಡಿಸಿ, ಚೀಸು ಹಚ್ಚುವ ಚಾಕುವನ್ನು ಪಕ್ಕದಲ್ಲಿಟ್ಟು, ನಾವಿಬ್ಬರೂ ಹಿಂದೆ ಸರಿದು ನಿಂತೆವು. ಎದುರು ಮೇಜಿನಲ್ಲಿ ಬಿಳಿ ಟೋಪಿಯವನು ಕಡ್ಡಿಗೆ ಚುಚ್ಚಿದ ಪನೀರು ಇಟ್ಟಿದ್ದ.

ಮೊದಲು ಬಂದವರು ಬಾಸ್‌ನ ತಾಯಿ. ರೇಷ್ಮೆ ಸೀರೆಯ ತೆಲುಗು ಮುತ್ತೈದೆ. ನಮ್ಮ ಮೇಜಿನ ಹತ್ತಿರ ಬಂದವರು ಗಕ್ಕನೆ ನಿಂತು, ಚಪ್ಪಲಿ ಬಿಟ್ಟು, "ಎಂತ ಬಾಗುನ್ನಾಡೋ ಶಿವಯ್ಯ!" ಎಂದು ಎರಡೂ ಕೈ ಜೋಡಿಸಿದರು. ಎಷ್ಟು ಚೆನ್ನಾಗಿದ್ದಾನೋ ಶಿವ, ಅಂತ.

ಆಗ ನಾನು ನೋಡಿದೆ. ಕರಿ ಕಲ್ಲಿನ ಪೀಠ, ಅದಕ್ಕೆ ಮುಂದೆ ಚಾಚಿದ ಕೊಕ್ಕು, ಮೇಲೆ ಬೆಣ್ಣೆ ಅಲಂಕಾರ ಮಾಡಿದಂಥ ಬಿಳಿ ಲಿಂಗ, ನೆತ್ತಿಯ ಮೇಲೆ ಬಿಲ್ವಪತ್ರೆಯಂತೆ ಮೂರೆಲೆ. ವೈನಿಯ ಕೈ ನನ್ನ ತೋಳನ್ನು ಹಿಡಿಯಿತು. ಅವರಿಗೂ ಕಂಡಿತ್ತು.

ಹಿರಿಯರು ಕೈಮುಗಿದ ಮೇಲೆ ಹಿಂದೆ ಬಂದವರೆಲ್ಲ ಮುಗಿದರು. ಒಬ್ಬ ಹುಡುಗ ಕೊರಳ ಗುರುತಿನ ಚೀಟಿಯನ್ನು ಹಿಂದಕ್ಕೆ ಸರಿಸಿಕೊಂಡು ಬಗ್ಗಿ ನಮಸ್ಕಾರ ಮಾಡಿದ. ಯಾರೋ ಒಂದು ನಾಣ್ಯ ಇಟ್ಟರು. ಕೆಲವರು ಫೋಟೋ ತೆಗೆದುಕೊಂಡರು. ಆಮೇಲೆ ಎಲ್ಲರೂ ಎದುರು ಮೇಜಿಗೆ ಹೋಗಿ ಪನೀರು ತಿಂದರು. ನಮ್ಮ ಚಾಕುವನ್ನು ಯಾರೂ ಮುಟ್ಟಲಿಲ್ಲ. ಬಿಳಿ ಟೋಪಿಯವನು ನನ್ನ ಕಡೆ ನೋಡಿ ತೆಲುಗಿನಲ್ಲಿ, "ಅಮ್ಮಾ, ಟೆಂಕಾಯ ತೇವಾಲಾ?" ಎಂದ. ತೆಂಗಿನಕಾಯಿ ತರಲೇ ಎಂದು. ಪಾಪ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಮೈಸೂರಿನ ಹುಡುಗಿ ಓಡಿ ಬಂದಳು. "ಆಂಟಿ, ಯಾರೂ ಮುಟ್ತಾನೇ ಇಲ್ಲ! ಬಾಸ್ ನೋಡ್ತಿದಾರೆ. ಪ್ಲೀಸ್, ನೀವೇ ಒಂದ್ ಪೀಸ್ ಕಟ್ ಮಾಡಿ ತೋರ್ಸಿ, ಆಮೇಲೆ ಎಲ್ರೂ ತಿಂತಾರೆ."

ಚಾಕು ತೆಗೆದುಕೊಂಡೆ. ಕೈ ಮುಂದೆ ಹೋಗಲಿಲ್ಲ. ಮೊಸರು ತಂದವಳು ನಾನು, ಚೀಸಿಗೆ ಜಗಳಾಡಿದವಳು ನಾನು, ಒಳಗೆ ಏನಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಅದರ ನೆತ್ತಿಗೆ ಚಾಕು ಹಾಕುವುದು ನನ್ನಿಂದ ಆಗಲಿಲ್ಲ.

"ನನ್ನಿಂದ ಆಗಂಗಿಲ್ಲವ್ವಾ," ಎಂದೆ. "ನೀ ಹಾಕು."

"ನಾನಾ? ಅಯ್ಯಪ್ಪಾ, ನಂಗೆ ಭಯ ಆಂಟಿ."

ಅಷ್ಟರಲ್ಲಿ ಬಾಸ್ ಹೊರದೇಶದ ಒಬ್ಬ ಅತಿಥಿಯನ್ನು ಕರೆದುಕೊಂಡು ಬಂದರು. ಆ ಮನುಷ್ಯನಿಗೆ ಅದು ಏನೆಂದು ತಕ್ಷಣ ತಿಳಿಯಿತು. ಇಡೀ ಹಾಲ್‌ನಲ್ಲಿ ಅದನ್ನು ಚೀಸು ಅಂತ ಗುರುತಿಸಿದವನು ಅವನೊಬ್ಬನೇ. ಸಂತೋಷದಿಂದ ನನ್ನ ಕೈಯ ಚಾಕುವಿಗೆ ಕೈಚಾಚಿದ. ಅವನು ಬಗ್ಗುವಷ್ಟರಲ್ಲಿ ಬಾಸ್‌ನ ತಾಯಿ ಎಲ್ಲಿದ್ದರೋ, "ಆಗು ನಾಯನಾ, ಆಗು!" ಎಂದು ಅವನ ಮುಂಗೈಯನ್ನೇ ಹಿಡಿದುಬಿಟ್ಟರು. ನಿಲ್ಲಪ್ಪಾ, ನಿಲ್ಲು, ಅಂತ. ಬಾಸ್ ಹುಡುಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ತಿಂಡಿ ಹೇಳಿದರೆ ಗುಡಿ ಕಟ್ಟಿಸಿದ್ದೀರಾ ಎಂದು ಹಲ್ಲು ಕಚ್ಚಿ ಕೇಳಿದರು. ಅವಳ ಕಣ್ಣು ತುಂಬಿತು.

ಇದು ಬರೀ ಮೊಸರಮ್ಮಾ ಎಂದು ಆ ತಾಯಿಗೆ ಹೇಳಿದರೆ, ಮೊಸರಿಗೆ ಕೈಮುಗಿಸಿದ ಅವಮಾನ. ಹೇಳದಿದ್ದರೆ ನಮ್ಮ ಕೆಲಸ ಹೋಯಿತು. ಆಗ ಹಿಂದಿನಿಂದ ವೈನಿ ಮೆಲ್ಲಗೆ ಅಂದರು:

"ತಂಗೀ, ಬೆಣ್ಣಿ ಅಲಂಕಾರ ಮಾಡಿದ್ದನ್ನ ಇಳಸೂದಿಲ್ಲೇನು? ಇಳಿಸಿ ಮಂದಿಗಿ ಕೊಡೂದಿಲ್ಲೇನು? ಆರತಿ ಮಾಡಂತ ಹೇಳು ಅವರಿಗಿ. ನಾ ಇಳಸ್ತೀನಿ."

ನಾನು ಆ ತಾಯಿಯ ಹತ್ತಿರ ಹೋಗಿ, ನನ್ನ ಹರಕು ತೆಲುಗಿನಲ್ಲಿ, "ಅಲಂಕಾರ ಕಣ್ತುಂಬ ನೋಡಿದಿರಲ್ಲಮ್ಮಾ, ನಿಮ್ಮ ಕೈಯಿಂದಲೇ ಒಂದು ಆರತಿ ಆದರೆ ಪ್ರಸಾದ ಹಂಚುತ್ತೇವೆ," ಎಂದೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಈ ಎರಡರ ನಡುವೆ ಬೇಕಾದಷ್ಟು ಜಾಗವಿದೆ, ವ್ಯಾಪಾರ ಮಾಡುವವರು ಅಲ್ಲಿಯೇ ಬದುಕುವುದು. ಅವರ ಮುಖ ಅರಳಿತು. ಮೂಲೆಯ ದೀಪದ ಹತ್ತಿರವೇ ಕರ್ಪೂರವಿತ್ತು. ಬೆಳಗಿದರು. ಬಾಸ್ ಕೂಡ ಆರತಿ ತೆಗೆದುಕೊಳ್ಳಬೇಕಾಯಿತು, ತಾಯಿ ಎದುರಿಗೇ ನಿಂತಿದ್ದರಲ್ಲ.

ವೈನಿ ಕೈ ತೊಳೆದು ಬಂದರು. ಸೆರಗು ಹೊದ್ದುಕೊಂಡರು. ಮೊದಲು ನೆತ್ತಿಯ ಮೆಂತ್ಯದ ಕುಡಿಯನ್ನು ತೆಗೆದು ಆ ತಾಯಿಯ ಕೈಗೆ ಕೊಟ್ಟರು, ಆಮೇಲೆ ಹೂವು. ಹೆಣ್ಣುಮಕ್ಕಳು ಕಣ್ಣಿಗೊತ್ತಿಕೊಂಡು ಮುಡಿಗೇರಿಸಿದರು. ಹುಡುಗರು ಅಂಗಿಯ ಜೇಬಿಗೆ ಹಾಕಿಕೊಂಡರು. ಹೊರದೇಶದವನ ಕಿವಿಯ ಹಿಂದೆ ಒಂದು ನೀಲಿ ಹೂವು ಬಂತು, ಅವನೂ ಕೈಮುಗಿದ. ಅಷ್ಟು ಹೂವು ತೊಳೆದು, ಆರಿಸಿ, ಬುಡದ ಕಹಿ ಕತ್ತರಿಸಿ ಇಟ್ಟಿದ್ದೆವು. ಒಂದಾದರೂ ಒಬ್ಬರ ಬಾಯಿಗೂ ಹೋಗಲಿಲ್ಲ.

ಚಾಕುವಿನ ಮಾತೇ ಬರಲಿಲ್ಲ. ವೈನಿ ಬುಡದಿಂದ ಚಮಚದಲ್ಲಿ ತೆಗೆತೆಗೆದು ರೊಟ್ಟಿಯ ಚೂರಿನ ಮೇಲಿಟ್ಟು, ಎಡಗೈ ಮೇಲೆ ಬಲಗೈ ಇಟ್ಟು ಚಾಚಿದವರಿಗೆಲ್ಲ ಕೊಟ್ಟರು. ಪ್ರಸಾದವನ್ನು ಬೇಡವೆನ್ನುವವರಿಲ್ಲ, ತಟ್ಟೆಯಲ್ಲಿ ಬಿಡುವವರೂ ಇಲ್ಲ. ಪನೀರು ತಿಂದು ಬಂದವರೂ ಸಾಲಿನಲ್ಲಿ ನಿಂತರು. ಎರಡನೇ ಸಲ ಬಂದವರನ್ನು ನಾನು ಗುರುತಿಸಿದೆ, ಸುಮ್ಮನಿದ್ದೆ. ಬಿಳಿ ಟೋಪಿಯವನೂ ಬಂದು ಕೈಚಾಚಿದ. ಕಲ್ಲು ಬರಿದಾಯಿತು.

ಆಮೇಲೆ ಸಾಮಾನು ಸಾಗಿಸುವ ಬಾಗಿಲ ಹತ್ತಿರ ಪಾತ್ರೆಗಳ ಮೇಲೆ ಕೂತು ಕಾದೆವು. ಒಳಗೆ ಯಾರ ಹೆಸರು ಹೇಳುತ್ತಾರೋ ಗೊತ್ತಿಲ್ಲ. ತಿಂದವರು ಮೆಚ್ಚಿದ್ದು ಬೇರೆ, ಬಾಸ್‌ನ ಸಿಟ್ಟು ಬೇರೆ. ನನ್ನ ಪಾದಗಳು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಇಲ್ಲ ಅಂದರೆ ಇನ್ನು ದಿನವೂ ಬಿಸಿಲು ಬರುವವರೆಗೆ ಮಲಗಬಹುದು ಎಂಬುದೂ ಮನಸ್ಸಿಗೆ ಬಂತು, ಬರಲಿಲ್ಲವೆಂದು ಹೇಳಲಾರೆ. ಪಕ್ಕದಲ್ಲಿ ವೈನಿ ಒದ್ದೆ ಬಟ್ಟೆಯನ್ನು ಮಡಚುತ್ತಿದ್ದರು, ಬಿಡಿಸಿ ಮತ್ತೆ ಮಡಚುತ್ತಿದ್ದರು. ಅವರನ್ನು ನೋಡಿದ ಮೇಲೆ ಆ ಆಸೆಯ ರುಚಿಯೂ ಕೆಟ್ಟಿತು.

ಹುಡುಗಿ ಬಂದಳು. ಅವಳ ಜಡೆಯಲ್ಲಿಯೂ ಒಂದು ಗುಲಾಬಿ ಪಕಳೆ ಸಿಕ್ಕಿಕೊಂಡಿತ್ತು.

"ಆಂಟಿ, ಸೋಮವಾರದಿಂದ ಊಟ ನಿಮ್ದೇ. ಬಾಸ್ ಅಮ್ಮ ಹೇಳ್ಬಿಟ್ರು, ಇಷ್ಟು ಭಕ್ತಿ ಇರೋರ ಕೈ ಅಡುಗೇನೇ ಬೇಕು ಅಂತ. ಬಾಸ್ ಒಂದೇ ಕಂಡೀಷನ್ ಹಾಕಿದಾರೆ. ಯಾವುದರ ಮೇಲೂ ಹೂವು ಇಡಬಾರದಂತೆ."

"ಇಡಂಗಿಲ್ಲಂತ ಹೇಳವ್ವಾ," ಎಂದರು ವೈನಿ. ಆ ಹುಡುಗಿಯ ಜೊತೆ ಅವರು ನೇರವಾಗಿ ಆಡಿದ ಮೊದಲ ಮಾತು.

ಆಟೋದಲ್ಲಿ ನಾನು ಕಣ್ಣು ಮುಚ್ಚಿದ್ದೆ. ಸನತ್‌ನಗರ ಬರುತ್ತಿದ್ದಂತೆ ವೈನಿ ಮುಂದೆ ಬಗ್ಗಿ, ಗಿರಣಿಯ ಮುಂದೆ ನಿಲ್ಲಿಸಪ್ಪಾ ಎಂದರು.

"ನಾಳಿ ಆದಿತವಾರ ವೈನಿ. ನಾಳಿ ಬರೋಣ್ರಿ."

"ಇವತ್ತ ಬೀಸಿಸಿದ್ರ ಹಿಟ್ಟು ನಾಳಿ ಆರತೈತಿ. ಬಿಸಿ ಹಿಟ್ಟಿನ ರೊಟ್ಟಿ ಹರಿತಾವ. ನೀ ಕುಂದ್ರು, ನಾ ಹೋಗ್ತೀನಿ."

ಕೂತೆ. ಗಿರಣಿಯ ಪಕ್ಕದ ಅಂಗಡಿಯಲ್ಲಿ ವೈನಿ ಜೋಳವನ್ನು ಅಂಗೈಯಲ್ಲಿ ಹಾಕಿಕೊಂಡು, ಒಂದು ಕಾಳು ಹಲ್ಲಿಗೆ ಕಡಿದು, ಬೆಲೆ ಕೇಳುತ್ತಿದ್ದರು. ಇಷ್ಟು ವರ್ಷ ಆ ಕೆಲಸ ನನ್ನದಾಗಿತ್ತು. ಅವರಿಗೆ ಚೌಕಾಶಿ ಬರುವುದಿಲ್ಲ. ಅಂಗಡಿಯವನು ಹೇಳಿದ್ದಕ್ಕೆ ತಲೆಯಾಡಿಸಿಬಿಟ್ಟು, ಆಮೇಲೆ ಕಡಿಮೆ ಮಾಡೆಂದು ಕೇಳುತ್ತಿದ್ದರು. ಹಾಗೆ ಕೇಳಿದರೆ ಯಾರೂ ಕಡಿಮೆ ಮಾಡುವುದಿಲ್ಲ. ಎದ್ದು ಹೋಗಿ ಹೇಳಿಕೊಡಬಹುದಿತ್ತು. ಹೋಗಲಿಲ್ಲ. ಸೋಮವಾರದ ಜೋಳಕ್ಕೆ ಅವರೇ ಬೆಲೆ ಕಟ್ಟಲಿ ಎಂದು, ಆಟೋದವನಿಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಲು ಹೇಳಿದೆ.